ನಾಲ್ಕು ಬೆರಳು ಒಳಗೆ

ಜೂನ್ 3

ಅಣ್ಣಾ,

ಫೋನ್ ಮಾಡಿದರೆ "ಹೂಂ, ಎಲ್ಲ ಚೆನ್ನಾಗಿದ್ದೀವಿ, ಇಡ್ತೀನಿ" ಎಂದು ಮೂರು ಮಾತಿನಲ್ಲಿ ಮುಗಿಸುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಡಲು ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಅತ್ತಿಗೆಯ ಮಂಡಿನೋವು ಹೇಗಿದೆ? ಐಸ್ ಫ್ಯಾಕ್ಟರಿಯ ಯಂತ್ರಗಳು ಇನ್ನೂ ನೀನು ಗದರಿದರೆ ಮಾತ್ರ ಓಡುತ್ತವೆಯೇ?

ವಿಷಯ ಇಷ್ಟು. ನಮ್ಮ ಯಾರ್ಡಿನ ಹಳೇ ಗೂಡ್ಸ್ ಡಬ್ಬಿಗಳನ್ನೆಲ್ಲ ಗುಜರಿಗೆ ಹಾಕಲು ಆದೇಶ ಬಂದಿದೆ. ಮುನ್ನೂರ ಹನ್ನೆರಡು ಡಬ್ಬಿ. ಉದ್ದನೆಯ ಹೊಸ ಡಬ್ಬಿಗಳು ಬಂದ ಮೇಲೆ ಈ ನಾಲ್ಕು ಚಕ್ರದವು ಯಾರಿಗೂ ಬೇಡವಾಗಿ, ಕೊನೆಯ ಮೂರು ಲೈನಿನಲ್ಲಿ ನಿಂತು ಚಕ್ರದವರೆಗೆ ಹುಲ್ಲು ಬೆಳೆದಿದೆ. ವರ್ಷದ ಕೊನೆಗೆ ಎಲ್ಲ ಕತ್ತರಿಸಿ ಆಗಬೇಕು. ಅದಕ್ಕೆ ಮುಂಚೆ, ನೆನಪಿಗೆ ಕೆಲವನ್ನು ಉಳಿಸಿಕೊಳ್ಳಿ ಎಂದು ಒಂದು ಶೆಡ್ ಖಾಲಿ ಮಾಡಿಕೊಟ್ಟಿದ್ದಾರೆ. ಮುಂದೆ ಮ್ಯೂಸಿಯಂ ಆಗುತ್ತದಂತೆ. ಜಾಗ ಇರುವುದು ಒಂದು ಗಾರ್ಡ್ ಡಬ್ಬಿಗೆ, ಎರಡು ಸಾಮಾನಿನ ಡಬ್ಬಿಗೆ, ಗೋಡೆಗೆ ಒರಗಿಸುವ ಒಂದಷ್ಟು ಸಣ್ಣಪುಟ್ಟದಕ್ಕೆ. ಯಾವುದು ಉಳಿಯಬೇಕು ಎಂದು ಪಟ್ಟಿ ಮಾಡುವ ಕೆಲಸವನ್ನು ಸ್ಟೋರಿನ ಗುಮಾಸ್ತೆಯ ತಲೆಗೆ ಕಟ್ಟಿದ್ದಾರೆ. ಅಂದರೆ ನನ್ನ ತಲೆಗೆ.

ಇಷ್ಟು ವರ್ಷ ನಟ್ಟು ಬೋಲ್ಟಿನ ಚೀಟಿ ಬರೆದವಳಿಗೆ ಡಬ್ಬಿಯ ಯೋಗ್ಯತೆ ಏನು ಗೊತ್ತು? ನನಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ನೀನು ಈ ಯಾರ್ಡಿನಲ್ಲಿ ಎಂಟು ವರ್ಷ ಡಬ್ಬಿ ತಪಾಸಣೆ ಮಾಡಿದವನು. ಏನು ನೋಡಬೇಕು ಎಂದು ಎರಡು ಸಾಲು ಬರೆ. ಬೇರೆ ಏನನ್ನೂ ಕೇಳುವುದಿಲ್ಲ.

ನಿನ್ನ ತಂಗಿ ಚೀಟಿ


ಜೂನ್ 11

ಚೀಟಿಗೆ,

ಎಲ್ಲವನ್ನೂ ಕತ್ತರಿಸಿ. ಒಂದನ್ನೂ ಉಳಿಸಬೇಡಿ.

ಮೇಲಿನ ಸಾಲು ನಾಲ್ಕು ದಿನದ ಹಿಂದಿನದು. ಅಷ್ಟನ್ನೇ ಬರೆದು ಅಂಟಿಸಲು ಹೊರಟಿದ್ದೆ, ನಿನ್ನ ಅತ್ತಿಗೆ ಇಣುಕಿ ನೋಡಿ, "ಇಷ್ಟಕ್ಕೆ ಒಂದು ಕವರ್ ಯಾಕ್ರೀ ದಂಡ ಮಾಡ್ತೀರಿ, ಕಾರ್ಡ್ ಸಾಕಿತ್ತಲ್ಲ" ಎಂದಳು. ಕವರ್ ದಂಡವಾಗಬಾರದೆಂದು ಮುಂದಿನದನ್ನು ಬರೆಯುತ್ತಿದ್ದೇನೆ.

ನಿಮ್ಮ ಸಾಹೇಬರಿಗೆ ಬಣ್ಣ ಚೆನ್ನಾಗಿರುವ ಡಬ್ಬಿ ಬೇಕು ಎನಿಸುತ್ತದೆ. ಕೊಡಬೇಡ. ಬಣ್ಣ ಚೆನ್ನಾಗಿದೆ ಎಂದರೆ ಅದು ಓಡಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. ತೇಪೆ ಜಾಸ್ತಿ ಇರುವುದನ್ನು ಹುಡುಕು. ಹಳೇ ತೇಪೆಯನ್ನು ರಿವೆಟ್ ಹೊಡೆದು ಕೂರಿಸುತ್ತಿದ್ದರು, ಆಮೇಲಿನದು ವೆಲ್ಡಿಂಗು. ಎರಡೂ ಒಂದೇ ಡಬ್ಬಿಯಲ್ಲಿ ಸಿಕ್ಕರೆ ಅದು ಎರಡು ತಲೆಮಾರಿನ ಕೈ ಕಂಡಿದೆ. ಬಾಗಿಲ ಹೊಸ್ತಿಲ ತಗಡು ನೋಡು, ಮೂಟೆ ಎಳೆದೆಳೆದು ನಡುವೆ ತಗ್ಗು ಬಿದ್ದಿರಬೇಕು. ಒಳಗೆ ಹೋಗಿ ಮೂಸು. ಉಪ್ಪು ಸಾಗಿಸಿದ್ದರೆ ಮೂಲೆಗಳು ತಿಂದುಹೋಗಿರುತ್ತವೆ, ಸಿಮೆಂಟ್ ಸಾಗಿಸಿದ್ದರೆ ಮೂಲೆಗಳು ಕಲ್ಲಾಗಿರುತ್ತವೆ. ಒಂದು ಅಂಥದ್ದು, ಒಂದು ಇಂಥದ್ದು ಇಟ್ಟುಕೊ. ಮತ್ತೆ ಬಣ್ಣ ಹೊಡೆಯಲು ಬಿಡಬೇಡ.

ಚಕ್ರ, ಆಕ್ಸಲ್ ಇತ್ಯಾದಿಗಳನ್ನು ಇಡಬೇಡಿ. ಅವನ್ನು ನೋಡಿ ಜನಕ್ಕೆ ಆಗಬೇಕಾದ್ದು ಏನೂ ಇಲ್ಲ.

ಮಂಡಿನೋವು ಹಾಗೇ ಇದೆ. ಯಂತ್ರ ಓಡುತ್ತಿದೆ. ಯಾರ್ಡಿನ ವಿಷಯ ಇಲ್ಲಿಗೆ ಮುಗಿಯಿತು.

ಅಣ್ಣ


ಜೂನ್ 19

ಅಣ್ಣಾ,

ಎರಡು ಸಾಲು ಕೇಳಿದರೆ ಎರಡು ಪುಟ ಬಂತು. ಅತ್ತಿಗೆಗೆ ನನ್ನ ದೊಡ್ಡ ನಮಸ್ಕಾರ.

ನೀನು ಹೇಳಿದ ಹಾಗೆ ಮೂರು ದಿನ ಡಬ್ಬಿಗಳ ಒಳಗೆ ಹತ್ತಿಳಿದು ಮೂಸಿದೆ. ಗ್ಯಾಸ್ ಕಟ್ಟರ್ ಹಿಡಿಯುವವನೊಬ್ಬನಿದ್ದಾನೆ, ಎಲ್ಲರೂ ಕಿಡಿ ಎನ್ನುತ್ತಾರೆ. ಅವನು "ಮೇಡಂ, ಡಬ್ಬಿ ಕೊಳ್ಳೋಕೆ ಬಂದಿದ್ದೀರೋ ಹೆಣ್ಣು ನೋಡೋಕೆ ಬಂದಿದ್ದೀರೋ" ಎಂದು ನಕ್ಕ. ಆಮೇಲೆ ಅವನೇ ಹನ್ನೊಂದು ತೇಪೆಯ ಡಬ್ಬಿಯೊಂದನ್ನು ತೋರಿಸಿದ. ಅರ್ಧ ರಿವೆಟ್, ಅರ್ಧ ವೆಲ್ಡಿಂಗ್. ಸಾಹೇಬರು ಮೂಗು ಮುರಿದರು. ನೀನು ಬರೆದ ಮಾತನ್ನೇ ನನ್ನ ಮಾತು ಎನ್ನುವಂತೆ ಹೇಳಿದೆ. ಒಪ್ಪಿದರು. ಉಪ್ಪಿನ ಡಬ್ಬಿಯೂ ಸಿಕ್ಕಿತು.

ಗಾರ್ಡ್ ಡಬ್ಬಿಯನ್ನು ಆರಿಸಿದ್ದು ನಾನಲ್ಲ. ಸಮಿತಿಯಲ್ಲಿ ಹಳೇ ಕೆಲಸಗಾರರ ಪರವಾಗಿ ಒಬ್ಬರಿದ್ದಾರೆ, ಅವರು ಆರಿಸಿದರು. ಮೀಸೆ ಗಾರ್ಡ್. ನಿನಗೆ ಹೇಳದೆ ಇರುವುದು ಸರಿಯಲ್ಲ ಎಂದು ಬರೆಯುತ್ತಿದ್ದೇನೆ. ಮೀಸೆ ಪೂರ್ತಿ ಬೆಳ್ಳಗಾಗಿದೆ. ಕೃತಕ ಕಾಲಿನಲ್ಲೇ ಮೆಟ್ಟಿಲು ಹತ್ತಿ, ಒಳಗಿನ ಮರದ ಸೀಟನ್ನು ತಟ್ಟಿ, "ಇದರ ಮೇಲೆ ದಿಂಬು ಗಿಂಬು ಹಾಕಬೇಡಿ. ನೋಡೋಕೆ ಬಂದವರು ಹತ್ತು ನಿಮಿಷ ಕೂತು ಏಳಲಿ, ನಾವು ಏನು ಸಂಬಳ ತಗೊಂಡ್ವಿ ಅಂತ ಗೊತ್ತಾಗತ್ತೆ" ಎಂದರು.

ಒಂದು ಸಣ್ಣ ಅನುಮಾನ. ಚಕ್ರದ ನಡುವಿನ ಹಬ್ ಒಳಗೆ ಆಕ್ಸಲ್ ತೂರಿ ಕೂರುತ್ತದಲ್ಲ, ಅದು ಒಳಗೆ ಎಷ್ಟು ಉದ್ದ ಇರುತ್ತದೆ? ಅಳತೆ ಗೊತ್ತಿದ್ದರೆ ಬರೆ.

ತಂಗಿ


ಜುಲೈ 2

ತಂಗಿಗೆ,

ಒಂದು ಗೇಣಿಗೆ ಸ್ವಲ್ಪ ಕಡಿಮೆ. ಬಿಸಿ ಮಾಡದೆ, ಒತ್ತಿ ಕೂರಿಸುತ್ತಾರೆ. ಕೂತ ಮೇಲೆ ಆ ಭಾಗ ಹೊರಗಿನ ಬೆಳಕು ಕಾಣುವುದಿಲ್ಲ.

ಈಗ ನನಗೆ ಅರ್ಥವಾಯಿತು. ಮೊದಲು ಡಬ್ಬಿ, ಆಮೇಲೆ ಗಾರ್ಡ್, ಈಗ ಆಕ್ಸಲ್. ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬರುತ್ತಿದ್ದೀಯ. ಮ್ಯೂಸಿಯಂನಲ್ಲಿ ಅಪಘಾತಗಳಿಗೂ ಒಂದು ಗೋಡೆ ಇರುತ್ತದೆ, ಅಲ್ಲವೇ? ಅದರ ಕೆಳಗೆ ತಪ್ಪು ಯಾರದೆಂದು ಬರೆಯಬೇಕು. ಅದಕ್ಕೆ ನನ್ನ ಕೈಯಿಂದಲೇ ಎರಡು ಸಾಲು ಬರೆಸಿಕೊಂಡು ಬಾ ಎಂದು ಅವರು ಕಳಿಸಿದ್ದಾರೋ, ನೀನೇ ಹೊರಟಿದ್ದೀಯೋ ಗೊತ್ತಿಲ್ಲ.

ಇಪ್ಪತ್ತೇಳು ವರ್ಷ ನೀನು ಒಂದು ಮಾತೂ ಕೇಳಲಿಲ್ಲ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಅದರಿಂದಲೇ ತಿಳಿದುಕೊಂಡಿದ್ದೆ, ಹೊಂದಿಕೊಂಡೂ ಇದ್ದೆ. ಈಗ ಕೆದಕಬೇಡ.

ಅಣ್ಣ


ಆಗಸ್ಟ್ 5

ಚೀಟಿ,

ನೀನು ಬರೆಯದೆ ತಿಂಗಳಾಯಿತು. ತಪ್ಪು ನನ್ನದೇ. ನಿನ್ನ ಅತ್ತಿಗೆ ದಿನಾ ಅಂಚೆಯವನ ಮುಖ ನೋಡಿ ನನ್ನ ಮುಖ ನೋಡುತ್ತಾಳೆ. ಅವಳಿಗೂ ಹೇಳದ ಒಂದು ಮಾತನ್ನು ನಿನಗೆ ಹೇಳಿಬಿಡುತ್ತೇನೆ. ಗೋಡೆಯ ಮೇಲೆ ಬರೆದರೆ ಬರೆದುಕೊಳ್ಳಲಿ.

ಅವತ್ತು ಗಾಡಿಗೆ ನಲವತ್ತೊಂದು ಡಬ್ಬಿ. ನಮ್ಮ ಕೆಲಸ ಏನೆಂದರೆ ಎರಡೂ ಕಡೆ ನಡೆದು, ಒಂದೊಂದು ಚಕ್ರಕ್ಕೂ ಸುತ್ತಿಗೆ ಹೊಡೆದು ಸದ್ದು ಕೇಳಿ, ಬಗ್ಗಿ ಕೆಳಗೆ ನೋಡಿ, ಸರಿ ಇದ್ದರೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಒಂದು ಕಡೆ ಪೂರ್ತಿ ಮಾಡಿದೆ. ಇನ್ನೊಂದು ಕಡೆಯಲ್ಲಿ ಕೊನೆಯ ಆರು ಡಬ್ಬಿ ಉಳಿದಿದ್ದವು. ನನಗೆ ಅವಸರವಿತ್ತು. ಯಾಕೆ ಎನ್ನುವುದು ಮುಖ್ಯವಲ್ಲ. ಆ ಆರಕ್ಕೂ ಸುತ್ತಿಗೆ ಹಾಕಲಿಲ್ಲ, ಬಗ್ಗಲಿಲ್ಲ, ಗುರುತು ಮಾತ್ರ ಹಾಕುತ್ತಾ ನಡೆದುಬಿಟ್ಟೆ. ಸಂಜೆ ಏಳಕ್ಕೆ ಏರಿಯ ಮೇಲೆ ಆಕ್ಸಲ್ ಮುರಿದದ್ದು ಆ ಆರರಲ್ಲಿ ಒಂದರದ್ದು. ಅದರ ಹಿಂದಿದ್ದ ಗಾರ್ಡ್ ಡಬ್ಬಿ ಉರುಳಿತು, ಒಳಗೆ ಮೀಸೆ ಗಾರ್ಡ್ ಇದ್ದರು.

ವಿಚಾರಣೆಯಲ್ಲಿ ಮುರಿದ ಆಕ್ಸಲ್ಲಿನ ಫೋಟೋ ತೋರಿಸಿದರು. ಮುರಿದ ಮುಖದಲ್ಲಿ ಹಳೇ ತುಕ್ಕು. ಬಿರುಕು ತಿಂಗಳುಗಟ್ಟಲೆಯಿಂದ ಇತ್ತು, ಇವನು ಕಾಣಬೇಕಿತ್ತು ಎಂದರು. ನನಗೆ ಕಾಣಲಿಲ್ಲ ಎಂದು ಹೇಳಿದೆ. ನೋಡಲಿಲ್ಲ ಎಂದು ಹೇಳಲಿಲ್ಲ. ಕೆಲಸ ಹೋದಾಗ ಜನ ಅಯ್ಯೋ ಪಾಪ ಎಂದರು, ಯೂನಿಯನ್ನಿನವರು ಜಗಳ ಆಡೋಣ ಬಾ ಎಂದರು. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಆ ಮನುಷ್ಯನ ಕಾಲು ನನ್ನಿಂದ ಹೋಯಿತು. ಇದು ನಿಜ. ಬೇಕಾದವರಿಗೆ ತೋರಿಸು.

ಅಣ್ಣ


ಆಗಸ್ಟ್ 6

ಅಣ್ಣಾ,

ತಡವಾಯಿತು. ಪೂರ್ತಿ ಗೊತ್ತಾಗುವವರೆಗೆ ಬರೆಯಬಾರದು ಎಂದುಕೊಂಡಿದ್ದೆ. ಅರ್ಧ ಹೇಳಿ ನಿನ್ನ ಆಸೆ ಕೆಣಕಿ ಆಮೇಲೆ ಅಲ್ಲ ಎನ್ನುವ ಪಾಪ ನನಗೆ ಬೇಡವಾಗಿತ್ತು. ಈಗ ಗೊತ್ತಾಗಿದೆ. ಕೂತುಕೊಂಡು ಓದು.

ಜೂನ್ ಹದಿನೆಂಟರಂದು ಕಿಡಿ ಕರೆದು, "ಮೇಡಂ, ಇದಕ್ಕೇನೋ ಬಿಲ್ಲೆ ಕಟ್ಟಿದ್ದಾರೆ. ಕತ್ತರಿಸಲಾ ಬೇಡವಾ?" ಎಂದ. ಕೊನೆಯ ಲೈನಿನ ಹಿಂದೆ ಪೊದೆಯಲ್ಲಿ ಒಂಟಿ ಚಕ್ರ ಬಿದ್ದಿತ್ತು. ತಗಡಿನ ಬಿಲ್ಲೆ ಉಜ್ಜಿ ಓದಿದೆ. ನಿನ್ನ ಅಪಘಾತದ ನಂಬರು. ಕೆಳಗೆ, "ಏರಿಯ ಕೆಳಗಿನ ಹೊಂಡದಲ್ಲಿ ಸಿಕ್ಕಿದ್ದು" ಎಂದು ತಾರೀಖು. ಅಪಘಾತವಾಗಿ ಮೂರು ತಿಂಗಳ ಮೇಲಿನ ತಾರೀಖು.

ರೆಕಾರ್ಡ್ ರೂಮಿನಲ್ಲಿ ಹಳೇ ಫೈಲು ತೆಗೆಸಲು ತಿಂಗಳು ಹಿಡಿಯಿತು. ನೋಡಿದೆ. ವಿಚಾರಣೆಯ ವರದಿಗೆ ಸಹಿ ಬಿದ್ದದ್ದು ಅಪಘಾತವಾದ ನಲವತ್ತು ದಿನಕ್ಕೆ. ಆಗ ಅವರ ಕೈಯಲ್ಲಿ ಇದ್ದದ್ದು ಆಕ್ಸಲ್ಲಿನ ಉದ್ದನೆಯ ತುಂಡು ಒಂದೇ, ನೀನು ನೋಡಿದ ಫೋಟೋದ ತುಂಡು. ಈ ಚಕ್ರ ಉರುಳಿ ಹೊಂಡಕ್ಕೆ ಬಿದ್ದಿತ್ತು. ನೀರು ಇಂಗಿದ ಮೇಲೆ ಸಿಕ್ಕಿತು. ಯಾರೋ ಬಿಲ್ಲೆ ಕಟ್ಟಿ ತಂದು ಹಾಕಿದರು. ಮುಗಿದ ಫೈಲನ್ನು ಮತ್ತೆ ಬಿಚ್ಚಲು ಯಾರಿಗೂ ತೋಚಲಿಲ್ಲ.

ಅಣ್ಣಾ, ಮುರಿದ ಮುಖ ಈ ಚಕ್ರದ ಹಬ್ ಒಳಗಿದೆ. ಬೆರಳು ಇಟ್ಟು ನೋಡಿದೆ. ಅಂಚಿನಿಂದ ನಾಲ್ಕು ಬೆರಳು ಒಳಗೆ. ಆಕ್ಸಲ್ ಅಲ್ಲಿ ಮುರಿದು ಕಿತ್ತು ಹೊರಬಂದಿದೆ. ಹೊರಬಂದ ತುದಿಯ ಫೋಟೋ ತೆಗೆದು, ಬಿರುಕು ಹಬ್ ಹೊರಗೆ, ಬಯಲಲ್ಲೇ ಇತ್ತು ಎಂದುಕೊಂಡರು. ನೀನೇ ಬರೆದೆಯಲ್ಲ, ಆ ಭಾಗ ಹೊರಗಿನ ಬೆಳಕು ಕಾಣುವುದಿಲ್ಲ ಎಂದು. ಅದನ್ನು ನಿನ್ನ ಕೈಯಿಂದ ಬರೆಸಿಕೊಳ್ಳಬೇಕಿತ್ತು, ಅದಕ್ಕೇ ಅಳತೆ ಕೇಳಿದ್ದು. ವರ್ಕ್‌ಶಾಪಿನ ಎಂಜಿನಿಯರ್ ಮೊನ್ನೆ ಬಂದು ಅಳೆದು, ಯಾರ ಕಣ್ಣಿಗೂ ಕಾಣುವ ಹಾಗಿರಲಿಲ್ಲ ಎಂದು ಬರೆದು ಸಹಿ ಹಾಕಿದ್ದಾರೆ. ಅದರ ನಕಲು ಇದರ ಜೊತೆ ಇದೆ.

ತಂಗಿ


ಆಗಸ್ಟ್ 14

ಅಣ್ಣಾ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನೀನು ಐದಕ್ಕೆ ಬರೆದದ್ದು ನಾನು ಆರರದ್ದನ್ನು ಅಂಚೆಗೆ ಹಾಕಿದ ಮೇಲೆ ಬಂತು. ಯಾರಿಗೂ ತೋರಿಸಿಲ್ಲ.

ನಿನಗೆ ಯಾಕೆ ಅವಸರ ಇತ್ತು ಎನ್ನುವುದು ನನಗೆ ಗೊತ್ತು. ಮೂರು ಗಂಟೆಗೆ ಬೇಲಿಯಾಚೆ ನಿಂತು, "ಅಣ್ಣಾ, ಟೈಪಿಂಗ್ ಪರೀಕ್ಷೆ ನಾಲ್ಕಕ್ಕಂತೆ, ಐದಕ್ಕಲ್ಲ, ಬೇಗ ಬಾ" ಎಂದು ಕೂಗಿದವಳು ನಾನೇ. ನಿನ್ನ ಸೈಕಲ್ಲಿನ ಹಿಂದೆ ಕೂತು ಹೋದವಳು ನಾನೇ. ಆ ಪರೀಕ್ಷೆ ಪಾಸಾಗಿ ಸಿಕ್ಕ ಕುರ್ಚಿಯಲ್ಲೇ ಇವತ್ತಿಗೂ ಕೂತಿದ್ದೇನೆ. ವಿಚಾರಣೆಯಲ್ಲಿ ನೀನು ನನ್ನ ಹೆಸರು ಎತ್ತಲಿಲ್ಲ. ಎತ್ತುವೆಯೇನೋ ಎಂದು ದಿನಾ ಹೆದರಿದೆ. ಎತ್ತಲಿಲ್ಲ ಎಂದಾದ ಮೇಲೆ ನಾಚಿಕೆಯಾಯಿತು. ನಾಚಿಕೆಗೆ ಬಾಯಿ ಕಟ್ಟಿತು. ನಾನು ಒಂದು ಮಾತೂ ಕೇಳಲಿಲ್ಲ ಎಂದೆಯಲ್ಲ, ಕಾರಣ ಇದು. ನಿನ್ನ ಮೇಲೆ ನನಗೆ ಅನುಮಾನವಿತ್ತು ಎಂದು ನೀನು ತಿಳಿದಿದ್ದೆ. ನೀನು ನನ್ನನ್ನು ದೂರುತ್ತಿದ್ದೀಯ, ಅದಕ್ಕೇ ಫೋನ್ ಇಡುತ್ತೀಯ ಎಂದು ನಾನು ತಿಳಿದಿದ್ದೆ. ಇಬ್ಬರೂ ಒಳ್ಳೇ ಜಾಣರು.

ಈಗ ಮೀಸೆ ಗಾರ್ಡ್ ವಿಷಯ. ಜೂನಿನಲ್ಲಿ ಅವರು ನನ್ನನ್ನು ಬದಿಗೆ ಕರೆದು, "ನಿಮ್ಮಣ್ಣ ಎಲ್ಲಿದ್ದಾನೆ? ಒಂದು ಸಲನಾದ್ರೂ ಬಂದು ಮುಖ ತೋರಿಸಿದನಾ?" ಎಂದು ಕೇಳಿದ್ದರು. ಸಿಟ್ಟಿನಿಂದಲೇ ಕೇಳಿದ್ದರು. ನಿನಗೆ ಬರೆಯಲಿಲ್ಲ. ಮೊನ್ನೆ ಚಕ್ರ ತೋರಿಸಿದೆ. ಕೋಲನ್ನು ನನ್ನ ಕೈಗೆ ಕೊಟ್ಟು ಹಬ್ ಒಳಗೆ ಕೈ ಹಾಕಿದರು. ತುಂಬ ಹೊತ್ತು ತೆಗೆಯಲಿಲ್ಲ. ಆಮೇಲೆ ಕೈ ಒರೆಸಿಕೊಂಡು, "ಇದನ್ನ ಯಾವನಿಗೆ ನೋಡಕ್ಕಾಗತ್ತೆ?" ಎಂದರು. "ಇಷ್ಟು ವರ್ಷ ಅವನಿಗೆ ಬೈದದ್ದು ಯಾವ ಲೆಕ್ಕಕ್ಕೆ?" ಎಂದೂ ಕೇಳಿದರು. ನಾನು ಕೋಲು ವಾಪಸ್ ಕೊಟ್ಟೆ.

ಆರು ಡಬ್ಬಿಯ ಮಾತನ್ನು ಅವರಿಗೆ ಹೇಳಬೇಕೇ ಬೇಡವೇ? ಸುತ್ತಿಗೆ ಹಾಕಿದ್ದರೆ ಗೊತ್ತಾಗುತ್ತಿತ್ತೇ? ನೀನೇ ಹೇಳು. ಚಕ್ರವನ್ನು ಶೆಡ್ಡಿನಲ್ಲಿ ಇಡಲು ಸಮಿತಿ ಒಪ್ಪಿದೆ. ನೀನು ಬೇಡ ಎಂದರೆ ಕಿಡಿಗೆ ಕೊಟ್ಟುಬಿಡುತ್ತೇನೆ, ಹತ್ತು ನಿಮಿಷದ ಕೆಲಸ.

ಚೀಟಿ


ಆಗಸ್ಟ್ 22

ಚೀಟಿ,

ಗೊತ್ತಾಗುತ್ತಿರಲಿಲ್ಲ. ಸುತ್ತಿಗೆಗೆ ಚಕ್ರದ ಬಿರುಕು ತಿಳಿಯುತ್ತದೆ, ಹಬ್ ಒಳಗಿನ ಆಕ್ಸಲ್ಲಿನದು ತಿಳಿಯುವುದಿಲ್ಲ. ನಿನ್ನ ಆರನೇ ತಾರೀಖಿನ ಕಾಗದವನ್ನು ಎರಡು ಸಲ ಓದಿ ಹಿಂದಿನ ಓಣಿಯ ಕಟ್ಟೆಯ ಮೇಲೆ ಹೋಗಿ ಕೂತೆ. ನಿನ್ನ ಅತ್ತಿಗೆ ಬಂದು ಕೈಯಿಂದ ಕಾಗದ ತೆಗೆದುಕೊಂಡು ಓದಿದಳು. ಆರು ಡಬ್ಬಿಯ ಮಾತನ್ನೂ ಅವಳಿಗೆ ಆಗಲೇ ಹೇಳಿದೆ. "ಇದನ್ನ ಹೊಟ್ಟೇಲಿಟ್ಕೊಂಡು ನನ್ನ ಅಡುಗೆಗೆ ಉಪ್ಪು ಜಾಸ್ತಿ ಅಂತಿದ್ರಾ ಇಷ್ಟು ವರ್ಷ" ಎಂದಳು. ಅತ್ತಳು ಕೂಡ.

ನಿನ್ನ ಮೇಲೆ ನನಗೆ ಯಾವತ್ತೂ ದೂರಿರಲಿಲ್ಲ. ಸೈಕಲ್ ತುಳಿದವನು ನಾನು, ನೀನು ಹಿಂದೆ ಕೂತಿದ್ದೆ. ಅಷ್ಟೇ.

ಚಕ್ರವನ್ನು ಕತ್ತರಿಸಬೇಡಿ. ಗಾರ್ಡ್ ಸಾಹೇಬರಿಗೆ ನೀನು ಏನನ್ನೂ ಹೇಳಬೇಡ. ನಾನೇ ಬಂದು ಹೇಳುತ್ತೇನೆ. ಮುಂದಿನ ಗುರುವಾರ ಬರುತ್ತೇನೆ.

ಅಣ್ಣ


ಸೆಪ್ಟೆಂಬರ್ 4

ಚೀಟಿ,

ಸುಖವಾಗಿ ಮನೆ ಸೇರಿದೆ. ಶೆಡ್ಡಿನ ಒಳಗೆ ಏನಾಯಿತು ಎಂದು ನೀನು ಎರಡು ಸಲ ಕೇಳಿದೆ. ಬಾಯಿ ಬಿಟ್ಟು ಹೇಳಲು ಆಗಲಿಲ್ಲ. ಬರೆದರೆ ಸಲೀಸು.

ನೀನು ನನ್ನನ್ನು ಒಳಗೆ ಕಳಿಸಿ ಹೊರಗೆ ಕಿಡಿಯ ಜೊತೆ ನಿಂತೆ. ಅವರು ಗಾರ್ಡ್ ಡಬ್ಬಿಯ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ನೋಡಿ ಏಳಲು ಹೋದರು, ನಾನು ಬೇಡ ಎಂದೆ. ಕ್ಷಮೆ ಕೇಳುವ ಮುಖ ಮಾಡಿಕೊಂಡು ಅವರೇ ಶುರು ಮಾಡುವುದರಲ್ಲಿದ್ದರು. ಅದಕ್ಕೆ ಮುಂಚೆ ಆರು ಡಬ್ಬಿಯ ಮಾತು ಹೇಳಿಬಿಟ್ಟೆ. ಹೊಡೆಯಲಿಲ್ಲ, ಬಗ್ಗಲಿಲ್ಲ, ಗುರುತು ಮಾತ್ರ ಹಾಕಿದೆ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರು ಮೀಸೆ ನೀವಿಕೊಂಡರು. ಆಮೇಲೆ ಚಕ್ರವನ್ನು ತೋರಿಸಿ, "ಈಗ ಹೊಡಿ" ಎಂದರು.

ಕಿಡಿ ಅದನ್ನು ಸರಪಳಿಯಲ್ಲಿ ತೂಗುಹಾಕಿದ್ದು ನಿನಗೆ ಗೊತ್ತಲ್ಲ. ಮೂಲೆಯಲ್ಲಿ ಸುತ್ತಿಗೆ ಇತ್ತು. ಮೊದಲ ಏಟು ಓರೆ ಬಿತ್ತು. ಎರಡನೆಯದು ಸರಿಯಾಗಿ ಬಿತ್ತು. ಆ ತುಕ್ಕು ಹಿಡಿದ ಚಕ್ರ, ಹೊಟ್ಟೆಯಲ್ಲಿ ಮುರಿದ ಕಬ್ಬಿಣ ಇಟ್ಟುಕೊಂಡು, ಠಣ್ ಎಂದು ಹೊಸದರ ಹಾಗೆ ಮೊಳಗಿತು.

"ಇದು ಒಳ್ಳೇ ಚಕ್ರದ ಸದ್ದಲ್ವೇನಯ್ಯಾ?"

"ಹೌದು."

"ಅವತ್ತು ಹೊಡೆದಿದ್ರೂ ಪಾಸ್ ಮಾಡ್ತಿದ್ದೆ."

"ಮಾಡ್ತಿದ್ದೆ."

"ಹೊಡೆಯದೆ ಪಾಸ್ ಮಾಡಿದ್ದು ತಪ್ಪು."

"ತಪ್ಪು."

"ಹಾಗಾದ್ರೆ ಕಾಲಿಗೆ ಬೈಯಲ್ಲ. ಅದಕ್ಕೆ ಬೈತೀನಿ. ನಿಂತ್ಕೋ ಅಲ್ಲಿ."

ನಿಂತುಕೊಂಡೆ. ಬೈದರು ನೋಡು. ಡ್ಯೂಟಿ ಎಂದರೇನು, ಗುರುತು ಎಂದರೇನು, ಹಿಂದಿನ ಡಬ್ಬಿಯಲ್ಲಿ ಕೂತವನು ಆ ಸೀಮೆಸುಣ್ಣದ ಗೀಟನ್ನು ನಂಬಿಕೊಂಡು ಹೊರಡುತ್ತಾನೆ ಎನ್ನುವ ಜ್ಞಾನ ಬೇಡವೇ, ಎಂದೆಲ್ಲ ಪೂರ್ತಿ ಐದು ನಿಮಿಷ. ನೀವು ಹೊರಗೆ ಕೇಳಿಸಿಕೊಂಡು ಹೆದರಿದ ಗದ್ದಲ ಅದೇ. ಚೀಟಿ, ನನಗೆ ಇಪ್ಪತ್ತೇಳು ವರ್ಷದಿಂದ ಯಾರೂ ಬೈದಿರಲಿಲ್ಲ. ಎಲ್ಲರೂ ಪಾಪ ಎನ್ನುತ್ತಿದ್ದರು, ಇಲ್ಲ ಸುಮ್ಮನಿರುತ್ತಿದ್ದರು. ನಾನು ಮಾಡಿದ ತಪ್ಪಿಗೆ, ಅದರ ಅಳತೆಗೆ ಸರಿಯಾಗಿ ಬೈಸಿಕೊಂಡದ್ದು ಇದೇ ಮೊದಲು. ಮುಗಿಸಿ, "ಆಯ್ತು, ಕೈ ಕೊಡು, ಏಳಬೇಕು" ಎಂದರು. ಕೊಟ್ಟೆ.

ಬೋರ್ಡಿನ ಒಕ್ಕಣೆ ನಾವಿಬ್ಬರೂ ಅಲ್ಲೇ ಕೂತು ಮಾಡಿದ್ದು. ಯಾರ ತಪ್ಪು, ಯಾರದಲ್ಲ ಎಂದು ಬೇಡ. "ಈ ಚಕ್ರದ ಆಕ್ಸಲ್ ನಾಲ್ಕು ಬೆರಳು ಒಳಗೆ ಮುರಿದಿದೆ. ಹೊರಗಿನಿಂದ ಕಾಣುವುದಿಲ್ಲ" ಎಂದಷ್ಟೇ. "ಕೈ ಹಾಕಿ ನೋಡಬಹುದು" ಎಂದು ಸೇರಿಸಲು ಅವರು ಹಟ ಹಿಡಿದರು. ನಿಮ್ಮ ಸಾಹೇಬರು ಗಾಜಿನ ಪೆಟ್ಟಿಗೆ ಎಂದರೆ ಒಪ್ಪಬೇಡ.

ಇನ್ನೊಂದು. ಬಸ್ಸಿಗೆ ಹೋಗುತ್ತೇನೆ ಎಂದು ನಿನಗೆ ಹೇಳಿ ಹೊರಟವನು ಸ್ಟೇಷನ್ನಿಗೆ ಹೋದೆ. ಅಪಘಾತವಾದ ಮೇಲೆ ನಾನು ರೈಲು ಹತ್ತಿರಲಿಲ್ಲ. ಬಸ್ಸೇ ಅನುಕೂಲ ಎಂದು ನಿಮಗೆಲ್ಲ ಹೇಳುತ್ತಿದ್ದೆ. ನಿಜವೇನೆಂದರೆ ಪ್ಲಾಟ್‌ಫಾರಂ ಮೇಲೆ ನಿಂತರೂ ಪ್ರತಿ ಚಕ್ರದ ಸದ್ದೂ ಕಿವಿಗೆ ಬಂದು ಕೂರುತ್ತಿತ್ತು. ಶನಿವಾರ ಕಿಟಕಿ ಪಕ್ಕ ಕೂತೆ. ಗಾಡಿ ಹೊರಟಿತು. ಒಂದೆರಡು ಮೈಲು ಕೇಳಿಸಿಕೊಂಡಿರಬೇಕು. ಆಮೇಲೆ ಏನಾಯಿತೋ ಗೊತ್ತಿಲ್ಲ. ಯಾರೋ ಭುಜ ಅಲುಗಿಸಿದರು. ಇದೇ ಕೊನೆಯ ಸ್ಟೇಷನ್, ಇಳಿಯಿರಿ ಎಂದರು.

ನಮ್ಮ ಊರು ಮೂರು ಸ್ಟೇಷನ್ ಹಿಂದೆ ಹೋಗಿತ್ತು. ಟಿಕೆಟ್ ನೋಡುವವನು, "ಏನ್ ಸಾರ್, ಇಳಿಯೋದು ಮರೆತುಬಿಟ್ರಾ?" ಎಂದು ಕೇಳಿದ.

"ಇಲ್ಲಪ್ಪ, ನಿದ್ದೆ ಬಂದಿತ್ತು" ಎಂದೆ. ಅದನ್ನು ಹೇಳುವಾಗ ಎಷ್ಟು ಜಂಬವಿತ್ತೋ, ಅವನು ನನ್ನನ್ನು ಒಂದು ಥರಾ ನೋಡಿ, ದಂಡ ಹಾಕದೆ ಬಿಟ್ಟ. ವಾಪಸ್ ಗಾಡಿಗೆ ಎರಡು ಗಂಟೆ ಇತ್ತು. ನೀನು ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ಬೆಂಚಿನ ಮೇಲೆ ಬಿಸಿಲಿಗೆ ಕಾಲು ಚಾಚಿಕೊಂಡು ಉಂಡೆ. ಊಟ ಆದ ಮೇಲೆ ಅಲ್ಲಿಯೂ ಒಂದು ಜೊಂಪು ಹತ್ತಿತು.

ಅಣ್ಣ